ಚಾಂದನೀ ಚೌಕದಲ್ಲಿ ಒಂದು ಸಂಜೆ

ಹರಿದ್ವಾರದ ಯಾತ್ರೆಯನ್ನು ಮುಗಿಸಿಕೊಂಡು ಹಿಂತಿರುಗುವಾಗ ದೆಹಲಿಯಲ್ಲಿ ನಾಲ್ಕು ದಿನ ನಿಲ್ಲತಕ್ಕದ್ದೆಂದು ನಮ್ಮ ಅಕ್ಕ ಊರು ಬಿಡುವಾಗಲೇ ನಿಶ್ಚಯಿಸಿದ್ದಳು. ಅವಳ ಮಗನು ಅಲ್ಲಿ ಸರಕಾರದ ಕೆಲಸದಲ್ಲಿರುವನು. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಮೊಣಕಾಲಿನ ನೋವು ಬೇರೆ ಉಂಟು. ಆದರೂ ಮೊಮ್ಮಗಳ ಮದುವೆಗೆ ಬೇಕಾದ ಜರಿಯ ಅಂಚನ್ನು ಚಾಂದನೀ ಚೌಕದ ಕಿನಾರಿ ಬಜಾರಿನಲ್ಲಿಯೇ ಕೊಳ್ಳಬೇಕೆಂದು ಅವಳ ಹಟ. ‘ಅಲ್ಲಿಗೆ ಮಾತ್ರ ಬೇಡ’ವೆಂದು ನಾವು ಎರಡು ಸಲ ಹೇಳಿದೆವು. ಕಾರಣವನ್ನು ಹೇಳಲಿಲ್ಲ. ಅಕ್ಕನಿಗೆ ಅದು ಗೊತ್ತಿದ್ದಿತು.

ವಾಚಕರಿಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. 1993ರಲ್ಲಿ ನಾವು ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಂಡಿತರಾಗಿದ್ದಾಗ, ಮೂವತ್ತನಾಲ್ಕು ಹುಡುಗರನ್ನು ಕರೆದುಕೊಂಡು ಉತ್ತರದೇಶದ ಪ್ರವಾಸಕ್ಕೆ ಹೊರಟಿದ್ದೆವು. ಕೆಂಪುಕೋಟೆಯನ್ನು ನೋಡಿಕೊಂಡು ಚಾಂದನೀ ಚೌಕದ ಬೀದಿಗೆ ಬಂದೆವು. ಹುಡುಗರು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಸಾಲಾಗಿ ಬರಬೇಕೆಂದು ನಮ್ಮ ಕಟ್ಟಪ್ಪಣೆ. ಸಾಲಿನ ತಲೆಯಲ್ಲಿ ನಾವು. ಗುರುದ್ವಾರದ ಬಳಿಯಲ್ಲಿ ಸುನೆಹ್ರಿ ಮಸೀದಿಯ ಚಿನ್ನದ ಬಣ್ಣದ ಗುಮ್ಮಟಗಳು ಕಂಡುವು. 1739ರಲ್ಲಿ ನಾದಿರಶಹನು ಇಲ್ಲಿಯೇ ಕುಳಿತು ದೆಹಲಿಯ ಕಗ್ಗೊಲೆಯನ್ನು ನಡೆಯಿಸಿದನೆಂದು ಕತ್ತನ್ನು ಮೇಲೆತ್ತಿ ವಿವರಿಸುತ್ತಿದ್ದೆವು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು. ಎದುರು ದಿಕ್ಕಿನಿಂದ ನುಗ್ಗಿಬಂದ ಸ್ಕೂಟರೊಂದು ಸಾಲಿನ ಕೊನೆಯ ಹುಡುಗನನ್ನು ಕೆಡವಿ ಹಾಗೆಯೇ ಹೊರಟುಹೋಗಿದ್ದಿತು. ತೊಡೆಯ ಎಲುಬು ಮುರಿದಿದ್ದಿತು. ಉಳಿದ ಹುಡುಗರನ್ನು ಚಿತ್ರಕಲೆಯ ಮೇಷ್ಟರ ಸಂಗಡ ಊರಿಗೆ ಕಳುಹಿಸಿ, ನಾವು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಅವನ ಮಗ್ಗುಲಲ್ಲಿದ್ದೆವು. ಊರಿಗೆ ಬಂದಾಗ ಅವನ ತಂದೆ, ಒಕ್ಕಲುತನದ ಬಡವ, ನಮ್ಮನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದನು: “ನೀವು ಎಲ್ಲಿದ್ರಿ, ಮೇಷ್ಟ್ರೇ?”

ಆ ಹುಡುಗನಿಗೆ ಈಗ ನಲವತ್ತಾರು ವರ್ಷ. ಸ್ವಲ್ಪ ಕುಂಟುತ್ತಾನೆ, ಬೇಸಾಯದ ಉಪಕರಣಗಳ ಅಂಗಡಿಯನ್ನು ಇಟ್ಟುಕೊಂಡು ಚೆನ್ನಾಗಿದ್ದಾನೆ. ಈ ಸಲ ನಮ್ಮನ್ನು ರೈಲಿಗೆ ಹತ್ತಿಸಲು ಬಂದವನು, “ಸಾರ್, ಆ ಬೀದಿಯಲ್ಲಿ ಈಗ ಮೋಟಾರೇ ಬಿಡೋದಿಲ್ಲವಂತೆ, ನೋಡ್ಕೊಂಡು ಬನ್ನಿ” ಎಂದು ನಕ್ಕನು. ಅಕ್ಕನ ಹಟಕ್ಕಿಂತಲೂ ಆ ಮಾತೇ ನಮ್ಮನ್ನು ಅಲ್ಲಿಗೆ ಎಳೆಯಿತೆಂದು ಹೇಳಬಹುದು.

ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಾವು, ಅಕ್ಕ, ಅವಳ ಮಗ, ಮೂವರೂ ನೆಲದಡಿಯ ಮೆಟ್ರೋ ಗಾಡಿಯಲ್ಲಿ ಹೋಗಿ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿದೆವು. ಮೆಟ್ಟಿಲನ್ನು ಹತ್ತುವ ಶ್ರಮವಿಲ್ಲದೆ ಯಂತ್ರವೇ ಅಕ್ಕನನ್ನು ಮೇಲಕ್ಕೆ ತಂದು ಬಿಟ್ಟಿತು. ಎದುರಿಗೆ ಕೋಟೆ; ಅದಕ್ಕೆ ಬೆನ್ನು ಮಾಡಿ ನಿಂತರೆ ಪಡುವಣಕ್ಕೆ ನೆಟ್ಟಗೆ ಹೋಗುವುದೇ ಚಾಂದನೀ ಚೌಕ. ಮೊದಲಲ್ಲಿ ಎಡಗಡೆಗೆ ಜೈನರ ಲಾಲ್ ಮಂದಿರ. ಅದಕ್ಕೆ ಸೇರಿದಂತೆ ಗಾಯಗೊಂಡ ಹಕ್ಕಿಗಳ ಆಸ್ಪತ್ರೆಯುಂಟು. ಅದರ ಮಗ್ಗುಲಲ್ಲಿ ಗೌರೀಶಂಕರ ದೇವಾಲಯ. ಇಲ್ಲಿಂದ ಫತೇಪುರಿ ಮಸೀದಿಯವರೆಗೆ ಬೀದಿಯ ಉದ್ದ ಒಂದೂಕಾಲು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಷ್ಟರೊಳಗೆ ಗುಡಿ, ಬಸದಿ, ಗುರುದ್ವಾರ, ಇಗರ್ಜಿ, ಮಸೀದಿ ಎಲ್ಲವೂ ಇರುವುವು. ಇಂಥ ಬೀದಿಯು ಭರತಖಂಡದಲ್ಲಿ ಮತ್ತೊಂದಿರುವುದೋ ಇಲ್ಲವೋ, ನಾವು ಕಂಡಿಲ್ಲ.

ಈ ಬೀದಿಯನ್ನು ಮಾಡಿಸಿದವಳು ಒಬ್ಬ ಹೆಂಗಸೆಂಬುದನ್ನು ಕೇಳಿ ಅಕ್ಕನಿಗೆ ಸಂತೋಷವಾಯಿತು. ಶಹಜಹಾನ್ ಬಾದಶಹನ ಮಗಳಾದ ಜಹಾನಾರಾ ಬೇಗಮಳು 1650ರಲ್ಲಿ ಇದನ್ನು ಏರ್ಪಡಿಸಿದಳು. ಆಗ ಬೀದಿಯ ಅಗಲ ನಲವತ್ತು ಗಜ, ನಡುವೆ ಕಾಲುವೆ, ಎರಡು ಕಡೆಗೂ ನೆರಳಿನ ಮರಗಳು, ಬೀದಿಯ ಮಧ್ಯಭಾಗದ ಚೌಕದಲ್ಲಿ ಒಂದು ಕೊಳ. ಬೆಳುದಿಂಗಳು ಆ ನೀರಿನಲ್ಲಿ ಹೊಳೆಯುತ್ತಿದ್ದುದರಿಂದ ‘ಚಾಂದನೀ’ ಎಂಬ ಹೆಸರು ಬಂದಿತಂತೆ. ಪಲ್ಲಕ್ಕಿ, ಆನೆ, ಕುದುರೆಗಳು ಅದರಲ್ಲಿ ಓಡಾಡಿದುವು. ಬ್ರಿಟಿಷರ ಕಾಲದಲ್ಲಿ ಕೊಳವು ಹೋಗಿ ಆ ಸ್ಥಳದಲ್ಲಿ ಗಡಿಯಾರದ ಗೋಪುರವೆದ್ದಿತು, ಕಾಲುವೆಯೂ ಮುಚ್ಚಿಹೋಯಿತು. 1908ರಲ್ಲಿ ಟ್ರಾಂ ಗಾಡಿ ಬಂದು 1963ರಲ್ಲಿ ಹೋಯಿತು. ಗಡಿಯಾರದ ಗೋಪುರವು ಅದಕ್ಕೆ ಹನ್ನೆರಡು ವರ್ಷಗಳ ಮುಂಚೆಯೇ, ಹೆಚ್ಚು ಕಡಮೆ, ಬಿದ್ದುಹೋಗಿದ್ದಿತು. 1912ರ ಡಿಸೆಂಬರಿನಲ್ಲಿ ವೈಸರಾಯ ಹಾರ್ಡಿಂಜನು ಆನೆಯ ಮೇಲೆ ಮೆರವಣಿಗೆಯಲ್ಲಿ ಬರುವಾಗ ಅವನ ಮೇಲೆ ಬಾಂಬು ಬಿದ್ದುದೂ ಈ ಬೀದಿಯಲ್ಲಿಯೇ. ತರುವಾಯ ಮೋಟಾರುಗಳ ಕಾಲ ಬಂದಿತು. ನಾವು 1993ರಲ್ಲಿ ಕಂಡುದು ಆ ಕಾಲವನ್ನು.

ಈಗ ಕಂಡುದು ಬೇರೆ. ಬೀದಿಯಲ್ಲೆಲ್ಲಾ ಕೆಂಪು ಕಲ್ಲಿನ ಹಾಸು. ಎರಡು ಮಗ್ಗುಲಿಗೂ ನಡೆಯುವವರಿಗಾಗಿ ಅಗಲವಾದ ದಾರಿ. ತಲೆಯ ಮೇಲೆ ಜೇಡರ ಬಲೆಯಂತೆ ತೂಗುತ್ತಿದ್ದ ವಿದ್ಯುತ್ತಂತಿಗಳನ್ನು ನೆಲದೊಳಕ್ಕೆ ಇಳಿಸಿದ್ದಾರೆ. 2018ರ ಡಿಸೆಂಬರಿನಲ್ಲಿ ಆರಂಭವಾದ ಕೆಲಸವು 2021ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳು ಪ್ರವೇಶಿಸಕೂಡದು. ಬೆಂಕಿ ಆರಿಸುವ ಗಾಡಿ, ರೋಗಿಗಳ ಗಾಡಿ ಮೊದಲಾದುವಕ್ಕೆ ಮಾತ್ರ ವಿನಾಯಿತಿ. ಆಜ್ಞೆಯನ್ನು ಮೀರಿದವರಿಗೆ 20,000 ರೂಪಾಯಿಗಳವರೆಗೆ ದಂಡವೆಂದು ಆಗ ಸಾರಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ದಾರಿಗೆ ಅಡ್ಡಿ ಮಾಡಿದವನಿಗೆ ಹನ್ನೆರಡು ಪಣ, ದೊಡ್ಡ ಪಶುಗಳ ದಾರಿಗೆ ಅಡ್ಡಿ ಮಾಡಿದವನಿಗೆ ಇಪ್ಪತ್ತನಾಲ್ಕು ಪಣ ದಂಡ ಹೇಳಿದೆ. ಮನುಷ್ಯನಿಗಿಂತ ಎತ್ತಿನ ದಾರಿಗೆ ಇಮ್ಮಡಿ ಬೆಲೆ! ಪಾಠ ಹೇಳುವಾಗ ಇದನ್ನು ಕಂಡು ನಾವು ನಗುತ್ತಿದ್ದೆವು. ಈ ಬೀದಿಯಲ್ಲಿ ಲೆಕ್ಕವು ತಿರುಗಿರುವುದು.

ಅಕ್ಕ ನೂರು ಹೆಜ್ಜೆ ನಡೆದು ನಿಂತಳು. “ಏನೋ, ಇದೇನಾ ನೀನು ಅಷ್ಟು ಹೆದರಿಸ್ತಿದ್ದ ಬೀದಿ? ನಮ್ಮೂರಿನ ತೇರಿನ ದಿವಸದ ಹಾಗಿದೆಯಲ್ಲೋ!” ಎಂದಳು. ಅದು ನಿಜ. ತೇರಿನ ದಿವಸ ನಮ್ಮ ಊರಿನ ಬೀದಿಯಲ್ಲಿ ಎಷ್ಟು ಜನ ಸೇರಿದರೂ ಮಕ್ಕಳ ಕೈಯನ್ನು ಸಡಿಲಬಿಟ್ಟು ನಡೆಯುತ್ತೇವೆ. ಇಲ್ಲಿಯೂ ತಾಯಂದಿರು ಮಕ್ಕಳನ್ನು ಬಿಟ್ಟು ನಡೆಯುತ್ತಿದ್ದರು. ನಮ್ಮ ಕಣ್ಣು ಮಾತ್ರ ಆ ಮಕ್ಕಳ ಮೇಲೆಯೇ ಇದ್ದಿತು. ಹಳೆಯ ಹೆದರಿಕೆ ಸುಲಭವಾಗಿ ಹೋಗುವುದಿಲ್ಲ.

ಆದರೆ ಈ ಏರ್ಪಾಡಿನ ವಿಷಯದಲ್ಲಿ ದೆಹಲಿಯ ಜನರಿಗೆ ಒಮ್ಮತವಿಲ್ಲ. ನಮ್ಮ ಸೋದರಳಿಯನೇ ಮೊದಲು ಆರಂಭಿಸಿದನು. “ಮಾವ, ನೋಡೋದಕ್ಕೆ ಚೆನ್ನಾಗಿದೆ. ಆದರೆ ಕಾರನ್ನು ಬಿಡೋದೆಲ್ಲಿ? ಮದುವೆ ಜವಳಿಗೆ ಬಂದವರು ಮೂಟೆ ಹೊತ್ತುಕೊಂಡು ಎಷ್ಟು ದೂರ ನಡೀಬೇಕು?” ಎಂದನು. ಗಾಂಧಿ ಮೈದಾನದಲ್ಲಿ ಕಾರುಗಳನ್ನು ನಿಲ್ಲಿಸಲು ಹಲವು ಅಂತಸ್ತಿನ ಕಟ್ಟಡವಾಗಿರುವುದೆಂದು ಅವನೇ ಒಪ್ಪಿಕೊಂಡನು; ಆದರೂ ಅಂಗಡಿಯ ಬಾಗಿಲಿನಲ್ಲಿ ಇಳಿಯುವ ಅಭ್ಯಾಸವು ಬಿಡುವುದು ಕಷ್ಟವೆಂದನು.

ಮೊಣಕಾಲು ಹಟ ಹಿಡಿದುದರಿಂದ ಅಕ್ಕನಿಗಾಗಿ ಒಂದು ಸೈಕಲ್ ರಿಕ್ಷಾವನ್ನು ಗೊತ್ತುಮಾಡಿದೆವು. ಎಂಬತ್ತು ರೂಪಾಯಿಗೆ ಒಪ್ಪಿದನು. ಬಿಹಾರದ ಕಡೆಯವನು, ವಯಸ್ಸು ಐವತ್ತರ ಮೇಲೆ. ನಮ್ಮ ಹಿಂದಿಯು ಸಂಸ್ಕೃತದ ಹೊಟ್ಟೆಯಲ್ಲಿ ಹುಟ್ಟಿದ್ದು. ಅವನಿಗೆ ಅದು ಪುರೋಹಿತರ ಮಾತಿನಂತೆ ಕೇಳಿರಬೇಕು, ಕೈ ಮುಗಿದೇ ಉತ್ತರ ಹೇಳುತ್ತಿದ್ದನು. ಈ ಬೀದಿಯ ಚರಿತ್ರೆಯಲ್ಲಿ ನಮಗೆ ಅತ್ಯಂತ ವಿಚಿತ್ರವಾಗಿ ತೋರಿದ ಅಂಶವು ಇವನ ವೃತ್ತಿಗೆ ಸಂಬಂಧಿಸಿದುದು. 2006ರಲ್ಲಿ ಈ ಬೀದಿಯ ನೂಕುನುಗ್ಗಲಿಗೆಲ್ಲಾ ಸೈಕಲ್ ರಿಕ್ಷಾಗಳೇ ಕಾರಣವೆಂದು ತೀರ್ಮಾನಿಸಿ, ನ್ಯಾಯಾಲಯದ ಆಜ್ಞೆಯಂತೆ ಅವುಗಳನ್ನೇ ಇಲ್ಲಿಂದ ಹೊರಡಿಸಿದ್ದರು. ಮೋಟಾರುಗಳು ಉಳಿದುವು, ಕಾಲಿನಿಂದ ತುಳಿಯುವವನು ಹೋದನು. ತರುವಾಯ ‘ಮಾನುಷಿ’ ಎಂಬ ಸಂಸ್ಥೆಯವರು ರಿಕ್ಷಾದವರ ಪಕ್ಷವಾಗಿ ದೆಹಲಿಯ ಉಚ್ಚನ್ಯಾಯಾಲಯದಲ್ಲಿ ವಾದಿಸಿದರು. ನಗರದಲ್ಲಿ 99,000 ರಿಕ್ಷಾಗಳಿಗಿಂತ ಹೆಚ್ಚು ಇರಕೂಡದೆಂಬ ಮಿತಿಯನ್ನು 2010ರ ಫೆಬ್ರುವರಿಯಲ್ಲಿ ನ್ಯಾಯಾಲಯವು ತೆಗೆದುಹಾಕಿತು. ರಸ್ತೆಯು ಮೋಟಾರಿನವರ ಸೊತ್ತಲ್ಲ, ಎಲ್ಲ ವಾಹನಗಳಿಗೂ ಅದರಲ್ಲಿ ಭಾಗವುಂಟೆಂಬ ಅಭಿಪ್ರಾಯವು ಆ ತೀರ್ಪಿನಿಂದ ಬಲವಾಯಿತು. ಹದಿನೈದು ವರ್ಷಗಳೊಳಗೆ ಹೊರಗೆ ಹೋದವನು ಒಳಗೆ ಬಂದು, ಒಳಗಿದ್ದವನು ಹೊರಗೆ ಹೋದನು. ಬೀದಿ ಅದೇ, ನೂಕುನುಗ್ಗಲಿನ ಅಪರಾಧಿ ಮಾತ್ರ ಬದಲಾಯಿಸಿದನು.

‘ಹಾಗಾದರೆ ಈಗ ನಿನಗೆ ಸುಖವಷ್ಟೆ?’ ಎಂದು ಅವನನ್ನು ಕೇಳಿದೆವು. ಅವನು ಪೆಡಲನ್ನು ತುಳಿಯುತ್ತಲೇ ಮುಂದೆ ಬೆರಳು ತೋರಿಸಿದನು. ಬ್ಯಾಟರಿಯಿಂದ ನಡೆಯುವ ಹಸುರು ಬಣ್ಣದ ರಿಕ್ಷಾವೊಂದು ಅಡ್ಡಗಲ್ಲಿಯಿಂದ ನುಸುಳಿ, ಐದಾರು ಜನರನ್ನು ಹೇರಿಕೊಂಡು ಸದ್ದಿಲ್ಲದೆ ಬರುತ್ತಿದ್ದಿತು. ಅದೂ ಮೋಟಾರೇ, ಅದಕ್ಕೂ ಇಲ್ಲಿ ಪ್ರವೇಶವಿಲ್ಲ. ಸದ್ದಿಲ್ಲದಿರುವುದೇ ಅಪಾಯವೆಂದು ನಮಗೆ ತೋರಿತು. ಸ್ಕೂಟರಿನ ಗದ್ದಲವಾದರೂ ಕಿವಿಗೆ ಬೀಳುವುದು. ಇದು ಬೆನ್ನಿಗೆ ತಾಗಿದ ಮೇಲೆಯೇ ತಿಳಿಯುವುದು. “ಕಾಲಿನಿಂದ ತುಳಿಯೋನು ಬ್ಯಾಟರಿಯ ಸಮಕ್ಕೆ ಬರ್ತಾನೆಯೇ, ಪಂಡಿತಜೀ?” ಎಂದು ಅವನು ಕೇಳಿದ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೀದಿಯ ಬಾಯಿಗೆ ನೆಟ್ಟಿರುವ ತಡೆಗಂಬಗಳಲ್ಲಿ ಕೆಲವು ವಾಲಿದ್ದುವು. ಕೆಲವು ಇದ್ದ ಗುರುತು ಮಾತ್ರ ಉಳಿದಿದ್ದಿತು.

ಕಿನಾರಿ ಬಜಾರಿನ ಗಲ್ಲಿಯಲ್ಲಿ ಇಬ್ಬರು ಎದುರುಬದುರಾಗಿ ಬಂದರೆ ಒಬ್ಬನು ಮಗ್ಗುಲಾಗಬೇಕು. ಅಕ್ಕ ಅಂಗಡಿಯ ಜಗಲಿಯಲ್ಲಿ ಕುಳಿತು ಜರಿಯನ್ನು ಉಗುರಿನಿಂದ ಕೆರೆದು ನೋಡುತ್ತಿರುವಾಗ, ವರ್ತಕನೊಡನೆ ನಾವು ಮಾತಿಗೆ ತೊಡಗಿದೆವು. ಆತನು ಹಿರಿಯನು, ಮರ್ಯಾದಸ್ಥನು. ತನ್ನ ತಾತನ ಕಾಲದಿಂದ ಅಂಗಡಿಯಂತೆ. ಆತನ ವಾದವನ್ನು ನಾವು ಹಗುರವಾಗಿ ಎಣಿಸಲಾರೆವು. ಸರಕು ಬರುವುದು ರಾತ್ರಿ ಒಂಬತ್ತರ ಮೇಲೆ. ಅಂಗಡಿಯ ಆಳುಗಳು ಆ ವೇಳೆಗೆ ಮನೆಗೆ ಹೋಗಬೇಕು. ಹಗಲಿನಲ್ಲಿ ಮೂಟೆಯನ್ನು ತರಬೇಕಾದರೆ ಕೈಗಾಡಿಗೂ ಹಮಾಲಿಗೂ ಎರಡು ಕೂಲಿ. ಬೀದಿಯ ಹಿಂದುಗಡೆಯ ಮನೆಗಳಲ್ಲಿ ಉಳಿದಿರುವವರಲ್ಲಿ ಬಹುಮಂದಿ ಮುದುಕರು; ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾದರೆ ಪ್ರತಿ ಸಲವೂ ಆಂಬುಲೆನ್ಸನ್ನು ಕರೆಯುವುದು ಸಾಧ್ಯವೆ? “ನಡೆಯುವವರಿಗೆ ಸುಖವಾಯಿತು, ಸರಿ. ಅವರು ನಡೆದುಕೊಂಡು ಬಂದು, ಜಿಲೇಬಿ ತಿಂದು, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಕೊಳ್ಳುವವನು ಕಾರಿನಲ್ಲಿ ಬೇರೆ ಪೇಟೆಗೆ ಹೋಗುತ್ತಾನೆ” ಎಂದನು.

ಎದುರಂಗಡಿಯ ತರುಣನು ಕುಳಿತಲ್ಲಿಂದಲೇ ಇದನ್ನು ಖಂಡಿಸಿದನು. ಮೊದಲು ಹೆಂಗಸರು ಈ ಬೀದಿಗೆ ಬರಲು ಹಿಂಜರಿಯುತ್ತಿದ್ದರು, ಈಗ ಸಂಜೆಯಾದ ಮೇಲೂ ಬರುತ್ತಾರೆ. ತನ್ನ ವ್ಯಾಪಾರವೇನೂ ಕುಗ್ಗಿಲ್ಲ. ಕುಗ್ಗಿಸುವುದು ಕಾರಲ್ಲ, ಮನೆಯಲ್ಲಿ ಕುಳಿತು ಫೋನಿನಲ್ಲಿ ಕೊಳ್ಳುವ ಅಭ್ಯಾಸವೆಂದನು. ಇಬ್ಬರಿಗೂ ಮಾತು ಬೆಳೆಯಿತು. ಅವರು ನೆಂಟರೆಂದು ಆಮೇಲೆ ತಿಳಿಯಿತು.

ಬೆಂಕಿಯ ಮಾತೂ ಬಂದಿತು. ಗೌರೀಶಂಕರನ ಗುಡಿಗೆ ಎದುರು ಮಗ್ಗುಲಿನಲ್ಲಿ ಭಗೀರಥ ಪ್ಯಾಲೆಸ್ ಎಂಬ ವಿದ್ಯುತ್ ಸಾಮಾನುಗಳ ಪೇಟೆಯುಂಟು. ಹಿಂದೆ ಬೇಗಂ ಸಮ್ರೂ ಎಂಬವಳ ಅರಮನೆ. 2022ರ ನವೆಂಬರಿನಲ್ಲಿ ಅಲ್ಲಿ ಬಿದ್ದ ಬೆಂಕಿಯು ಹಲವು ದಿನ ಆರದೆ ಉರಿದು ಎಷ್ಟೋ ಅಂಗಡಿಗಳನ್ನು ನುಂಗಿತು. ಬೀದಿಯು ತೆರವಾಗಿದ್ದರೆ ಬೆಂಕಿಯ ಗಾಡಿಯು ಬೇಗ ಬರುವುದೆಂದು ಒಬ್ಬನು. ಬೀದಿಯವರೆಗೆ ಬಂದು ಫಲವೇನು, ಒಳಗಲ್ಲಿಗೆ ಅದು ನುಗ್ಗಲಾರದೆಂದು ಮತ್ತೊಬ್ಬನು. ಇಬ್ಬರೂ ಹೇಳುವುದು ಸರಿಯೇ. ಹೆಬ್ಬೀದಿಯನ್ನು ಮಾತ್ರ ತಿದ್ದಿ ಒಳಗಲ್ಲಿಗಳನ್ನು ಹಾಗೆಯೇ ಬಿಟ್ಟರೆ ತಿದ್ದುಪಾಟು ಅರ್ಧವೇ ಆಯಿತು.

ಬೀದಿಯ ನಡುವೆ ವಿದ್ಯುತ್ತಿನ ಟ್ರಾನ್ಸ್‌ಫಾರ್ಮರುಗಳನ್ನು ಸಾಲಾಗಿ ನಿಲ್ಲಿಸಿರುವುದು ನಮಗೂ ಹಿಡಿಸಲಿಲ್ಲ. ಜಹಾನಾರಾ ಬೇಗಮಳು ನೀರನ್ನು ಹರಿಯಿಸಿದ ಸ್ಥಳದಲ್ಲಿ ಕಬ್ಬಿಣದ ಪೆಟ್ಟಿಗೆಗಳು! ಇದೇ ನಡುದಾರಿಯಲ್ಲಿದ್ದ ಹನುಮಂತನ ಗುಡಿಯೊಂದನ್ನು ನ್ಯಾಯಾಲಯದ ಆಜ್ಞೆಯಂತೆ 2021ರ ಜನವರಿಯಲ್ಲಿ ತೆಗೆದರು. ಮುಂದಿನ ತಿಂಗಳಿನಲ್ಲಿಯೇ ಉಕ್ಕಿನ ಗುಡಿಯೊಂದು ಅಲ್ಲಿ ರಾತ್ರೋರಾತ್ರಿ ಎದ್ದಿತು. ಅಕ್ಕ ಈ ಕಥೆಯನ್ನು ಕೇಳಿ, “ಹನುಮಂತನಿಗೂ ದಾರಿ ಬಿಡು ಅಂದರೆ ಕೋಪ ಬರೋಲ್ವೇನೋ!” ಎಂದಳು. ಭಾರತದಲ್ಲಿ ದಾರಿಗೆ ಅಡ್ಡಲಾಗಿ ಬಾಲವನ್ನು ಚಾಚಿ ಮಲಗಿ ಭೀಮನನ್ನು ತಡೆದವನು ಅವನೇ ಅಲ್ಲವೆ?

ಗಲ್ಲಿಯಿಂದ ಹೊರಗೆ ಬರುವಾಗ ಕೈಗಾಡಿಯೊಂದರ ಕಬ್ಬಿಣದ ಅಂಚು ಅಕ್ಕನ ಹಿಮ್ಮಡಿಗೆ ತಾಗಿತು. ಚರ್ಮ ಸುಲಿದು ಸ್ವಲ್ಪ ರಕ್ತ ಬಂದಿತು. ನಮಗೆ ಸಿಟ್ಟು ಬಂದು ಗಾಡಿಯವನನ್ನು ಗದರಿಸಲು ತಿರುಗಿದೆವು. ಅವನು ಇಪ್ಪತ್ತು ವರ್ಷದ ಹುಡುಗ. ತನ್ನ ತಲೆಗಿಂತ ಎತ್ತರವಾಗಿ ಬಟ್ಟೆಯ ಗಂಟುಗಳನ್ನು ಹೇರಿ ನೂಕುತ್ತಿದ್ದನು. ಮುಂದೆ ಯಾರಿದ್ದಾರೆಂಬುದೇ ಅವನಿಗೆ ಕಾಣುವಂತಿರಲಿಲ್ಲ. ಮೋಟಾರು ಹೊತ್ತುಕೊಂಡು ಬರುತ್ತಿದ್ದ ಭಾರವೆಲ್ಲಾ ಈಗ ಇಂಥವರ ತೋಳಿನ ಮೇಲೆ ಬಿದ್ದಿರುವುದು. ಗದರಿಸುವ ಮಾತು ಬಾಯಿಯಲ್ಲಿಯೇ ಉಳಿಯಿತು. ಅವನು ಕೈ ಮುಗಿದನು. ಅಕ್ಕ, “ಹೋಗಪ್ಪ, ಹೋಗು” ಎಂದು ಕನ್ನಡದಲ್ಲಿಯೇ ಹೇಳಿದಳು, ಅವನಿಗೆ ಅರ್ಥವಾಯಿತು.

ಆಗ ನಮಗೆ ನೆನಪಿಗೆ ಬಂದುದು ಮನುಸ್ಮೃತಿಯ ಎರಡನೆಯ ಅಧ್ಯಾಯ. ದಾರಿಯಲ್ಲಿ ಯಾರು ಯಾರಿಗೆ ಎಡೆಗೊಡಬೇಕೆಂದು ಅಲ್ಲಿ ಒಂದು ಪಟ್ಟಿಯುಂಟು: ಗಾಡಿಯಲ್ಲಿರುವವನು, ತೊಂಬತ್ತನ್ನು ದಾಟಿದವನು, ರೋಗಿ, ಹೊರೆ ಹೊತ್ತವನು, ಹೆಂಗಸು, ವಿದ್ಯೆ ಮುಗಿಸಿದ ಸ್ನಾತಕ, ಅರಸು, ಮದುವಣಿಗ. ಇವರೆಲ್ಲರೂ ಒಟ್ಟಿಗೆ ಬಂದರೆ ಅರಸನೇ ಸ್ನಾತಕನಿಗೆ ದಾರಿ ಬಿಡಬೇಕೆಂಬುದನ್ನು ಹೇಳುವಾಗ ತರಗತಿಯ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಗಾಡಿಯವನಿಗೆ ಮೊದಲ ಸ್ಥಾನವೇಕೆಂದು ಒಬ್ಬನೂ ಕೇಳಲಿಲ್ಲ, ನಾವೂ ಯೋಚಿಸಿರಲಿಲ್ಲ. ಎತ್ತಿನ ಗಾಡಿಯನ್ನು ಥಟ್ಟನೆ ತಿರುಗಿಸಲಾಗದು, ನಡೆಯುವವನು ಒಂದು ಹೆಜ್ಜೆ ಸರಿದರೆ ಸಾಕು ಎಂಬುದೇ ಅದರ ಕಾರಣವಿರಬೇಕು. ಯಾರಿಗೆ ಸರಿಯುವುದು ಕಷ್ಟವೋ ಅವರಿಗೆ ಉಳಿದವರು ಸರಿಯತಕ್ಕದ್ದು. ಆ ನ್ಯಾಯದಿಂದ ನೋಡಿದರೆ, ಕೀಲಿಯನ್ನು ತಿರುಗಿಸಿದರೆ ಓಡುವ, ಬೆರಳೊತ್ತಿದರೆ ನಿಲ್ಲುವ ಮೋಟಾರಿನವನಿಗೆ ಈ ಪಟ್ಟಿಯಲ್ಲಿ ಮೊದಲ ಸ್ಥಾನವಿರದು. ಗಂಟು ಹೇರಿದ ಈ ಹುಡುಗನಿಗೂ, ಮೊಣಕಾಲು ಹಿಡಿದ ನಮ್ಮ ಅಕ್ಕನಿಗೂ ಇರುವುದು. ಚಾಂದನೀ ಚೌಕದ ಜಗಳವನ್ನು ವರ್ತಕರು ಒಂದು ಕಡೆ, ನಡೆಯುವವರು ಒಂದು ಕಡೆ ಎಂದು ಎಲ್ಲರೂ ಹೇಳುವರು. ಅಲ್ಲಿ ಒಂದು ಸಂಜೆ ಕಳೆದ ನಮಗೆ ಹಾಗೆ ತೋರಲಿಲ್ಲ. ಮೋಟಾರನ್ನು ಹೊರಗಿಟ್ಟುದು ನ್ಯಾಯವೇ. ಆದರೆ ಕೈಗಾಡಿಗೆ ಬೇರೆ ಜಾಡು, ಮುದುಕರು ಏರುವುದಕ್ಕೆ ತಕ್ಕ ಅಗ್ಗದ ರಿಕ್ಷಾ, ಬ್ಯಾಟರಿಯವನನ್ನು ನಿಜವಾಗಿ ತಡೆಯುವ ಕಾವಲು, ಇವಿಷ್ಟನ್ನೂ ಕೊಡದೆ ಕಲ್ಲನ್ನು ಮಾತ್ರ ಹಾಸಿದರೆ ಆ ಕಿರಿಯ ಹುಡುಗನ ತೋಳಿನ ಬಲದಿಂದಲೇ ನಮ್ಮ ಕ್ಷೇಮವನ್ನು ಕೊಂಡಂತಾಗುವುದು.

ಹಿಮ್ಮಡಿಗೆ ಬಟ್ಟೆ ಕಟ್ಟಿಕೊಂಡು, ಶೀಶ್‌ಗಂಜ್ ಗುರುದ್ವಾರದೊಳಗೆ ಹೋಗಿ ಕುಳಿತೆವು. 1675ರಲ್ಲಿ ಗುರು ತೇಗಬಹಾದೂರರು ಪ್ರಾಣವನ್ನು ಕೊಟ್ಟ ಸ್ಥಳವಿದು. ಒಳಗೆ ಕೀರ್ತನೆ ನಡೆಯುತ್ತಿದ್ದಿತು. ಭಾಷೆ ತಿಳಿಯದಿದ್ದರೂ ಅಕ್ಕ ತಾಳ ಹಾಕುತ್ತಿದ್ದಳು. ಪಂಕ್ತಿಯಲ್ಲಿ ಕುಳಿತು ರೊಟ್ಟಿ, ಬೇಳೆ ಉಂಡೆವು. ಹೊರಗೆ ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷವಿದ್ದಿತು. ಅಂಗಡಿಗಳ ಬಾಗಿಲು ಎಳೆದಿದ್ದುವು. ಕಲ್ಲುಹಾಸಿನ ಮೇಲೆ ದೀಪದ ಬೆಳಕು ಬಿದ್ದು, ನೀರೇ ಹರಿಯುತ್ತಿರುವಂತೆ ಕ್ಷಣಕಾಲ ಭ್ರಮೆಯಾಯಿತು. ಸುನೆಹ್ರಿ ಮಸೀದಿಯ ಗುಮ್ಮಟಗಳು ಕತ್ತಲಲ್ಲಿ ಮಸಕಾಗಿ ಕಂಡುವು. ನಾವು ಅವುಗಳನ್ನು ನೋಡಲಿಲ್ಲ, ನೆಲವನ್ನು ನೋಡಿದೆವು. ಹುಡುಗನು ಬಿದ್ದಿದ್ದ ಸ್ಥಳವನ್ನು ಗುರುತಿಸಲಾಗಲಿಲ್ಲ. ಆಗ ಡಾಂಬರು, ಈಗ ಕೆಂಪು ಕಲ್ಲು.

ಸೋದರಳಿಯನ ಫೋನಿನಲ್ಲಿ ಒಂದು ಚಿತ್ರವನ್ನು ತೆಗೆಸಿ ಊರಿನ ಅಂಗಡಿಗೆ ಕಳುಹಿಸಿದೆವು. “ಸಾರ್, ಇದು ಅದೇ ಜಾಗವಾ?” ಎಂದು ಕೂಡಲೆ ಉತ್ತರ ಬಂದಿತು. ‘ಅದೇ’ ಎಂದು ಬರೆಯಿಸಿದೆವು.

ಅಷ್ಟರಲ್ಲಿ ಕೋಟೆಯ ಕಡೆಯಿಂದ ಒಂದು ಗದ್ದಲ ಕೇಳಿಸಿತು. ಕಾವಲುಗಾರನು ಕಬ್ಬಿಣದ ತಡೆಯನ್ನು ಕಲ್ಲಿನ ಮೇಲೆ ಎಳೆಯುತ್ತಿದ್ದನು. ಮೊದಲು ಸರಕಿನ ಟೆಂಪೋ, ಅದರ ಹಿಂದೆ ಸ್ಕೂಟರುಗಳು, ಆಟೋಗಳು, ಹಾರನ್ನುಗಳು. ಮಧ್ಯಾಹ್ನದಿಂದ ಅಲ್ಲಿ ಕಾದಿದ್ದವರಂತೆ ನುಗ್ಗಿದರು. ನಾವು ಮೆಟ್ರೋ ನಿಲ್ದಾಣದ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದೆವು. ಅಕ್ಕ ನಮ್ಮ ತೋಳನ್ನು ಹಿಡಿದು ನಿಲ್ಲಿಸಿದಳು.

“ನೀನು ಮುಂದೆ ಹೋಗ್ಬೇಡ ಕಣೋ. ನಾನು ಮುಂದೆ ನಡೀತೀನಿ, ನೀನು ಹಿಂದೆ ಬಾ” ಎಂದಳು.

ನಾವು ಹಿಂದೆ ನಡೆದೆವು.